ಮಧುಮೇಹಿಗಳ ಲಿವರ್ ವರದಿ: ದಪ್ಪ ಅಕ್ಷರದ ಅಂಕಿಯನ್ನಷ್ಟೇ ನೋಡಿದರೆ ಸಾಲದು

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಎಂದು ಕಾಸರಗೋಡಿನ ಯಾವ ಪೇಟೆಗೆ ಹೋದರೂ ರಕ್ತಪರೀಕ್ಷೆಯ ಲ್ಯಾಬ್ ಸಿಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಲ್ಲಿ ಕಾದು ಕುಳಿತಿರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ಸಂಜೆ ಕೈಗೆ ಬರುವ ವರದಿಯಲ್ಲಿ ಸಕ್ಕರೆಯ ಅಂಕಿಗಳನ್ನು ದಾಟಿ ಕೆಳಗೆ ಹೋದರೆ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಸಾಲುಗಳಿರುತ್ತವೆ. ಅವು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ ಮನೆಯಲ್ಲಿ ಗಾಬರಿ. ಲಿವರ್ ಹೋಯಿತೆಂದು ಭಾವಿಸಿ ಟಾನಿಕ್, ಕಷಾಯ ಶುರುವಾಗುತ್ತದೆ, ಕೆಲವರು ಸಕ್ಕರೆಯ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ದಪ್ಪ ಅಕ್ಷರ ಇಲ್ಲದಿದ್ದರೆ ಕಾಗದ ಮಡಚಿ ಕವರಿನೊಳಗೆ ಹೋಗುತ್ತದೆ, ಲಿವರಿನ ಸುದ್ದಿ ಮುಂದಿನ ವರ್ಷಕ್ಕೆ. ಈ ಎರಡು ಪ್ರತಿಕ್ರಿಯೆಗಳೂ ತಪ್ಪು ಎಂಬುದು ನನ್ನ ವಾದ. ಎರಡನೆಯದು ಹೆಚ್ಚು ಅಪಾಯಕಾರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 20 ವರ್ಷ ದಾಟಿದವರ ಪೈಕಿ ಶೇ 11.4ರಷ್ಟು ಮಂದಿಗೆ ಮಧುಮೇಹವಿದ್ದರೆ, ಕೇರಳದಲ್ಲಿ ಆ ಪ್ರಮಾಣ ಶೇ 25.5. ಅಂದರೆ ನಾಲ್ವರಲ್ಲಿ ಒಬ್ಬರು. ಎರಡನೇ ವಿಧದ ಮಧುಮೇಹ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಕೊಬ್ಬು ತುಂಬಿರುತ್ತದೆ ಎಂಬುದು ಜಗತ್ತಿನಾದ್ಯಂತ ನಡೆದ ಅಧ್ಯಯನಗಳ ಒಟ್ಟು ಲೆಕ್ಕ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ, ನಮ್ಮ ಗಡಿನಾಡಿನ ಮನೆಮನೆಯ ವಿಷಯವೇ ಇದು ಎಂಬುದು ಅರ್ಥವಾಗುತ್ತದೆ.

ಮೊದಲು ಆ ಎರಡು ಸಾಲುಗಳು ಏನನ್ನು ಅಳೆಯುತ್ತವೆ ಎಂಬುದನ್ನು ನೋಡೋಣ. ಎಸ್‌ಜಿಪಿಟಿಗೆ ಈಗಿನ ಹೆಸರು ಎಎಲ್‌ಟಿ, ಎಸ್‌ಜಿಒಟಿಗೆ ಎಎಸ್‌ಟಿ. ಇವೆರಡೂ ಜೀವಕೋಶಗಳ ಒಳಗೆ ಕೆಲಸ ಮಾಡುವ ಕಿಣ್ವಗಳು. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಎಎಲ್‌ಟಿ ಬಹುಪಾಲು ಯಕೃತ್ತಿನಲ್ಲೇ ಇರುವಂಥದ್ದು. ಎಎಸ್‌ಟಿ ಹೃದಯದಲ್ಲಿ, ಸ್ನಾಯುಗಳಲ್ಲಿ, ಕೆಂಪು ರಕ್ತಕಣಗಳಲ್ಲಿಯೂ ಇದೆ. ದಿನವಿಡೀ ಅಡಿಕೆ ಮರ ಹತ್ತಿ ಇಳಿದವರ ರಕ್ತವನ್ನು ಮರುದಿನ ಬೆಳಿಗ್ಗೆ ಪರೀಕ್ಷಿಸಿದರೆ ಎಎಸ್‌ಟಿ ಏರಿರುವುದು ಅಸಹಜವೇನಲ್ಲ, ಅದು ಬಂದದ್ದು ತೊಡೆ, ತೋಳುಗಳ ಸ್ನಾಯುವಿನಿಂದ. ಒಟ್ಟಿನಲ್ಲಿ ಈ ಅಂಕಿಗಳು ಹೇಳುವುದು ಪೆಟ್ಟಿನ ಸುದ್ದಿಯನ್ನು. ಯಕೃತ್ತು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆ ಎಂಬುದನ್ನು ತಿಳಿಯಲು ಅಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಸಮಯ ಇವುಗಳನ್ನು ನೋಡಬೇಕು.

ಮಧುಮೇಹಿಗಳ ಯಕೃತ್ತಿಗೆ ಈ ಪೆಟ್ಟು ಯಾಕೆ ಬೀಳುತ್ತದೆ? ಇನ್ಸುಲಿನ್ ಎಂದರೆ ಸಕ್ಕರೆ ಇಳಿಸುವ ಹಾರ್ಮೋನು ಎಂದಷ್ಟೇ ನಾವು ತಿಳಿದಿದ್ದೇವೆ. ಅದರ ಇನ್ನೊಂದು ಕೆಲಸ, ದೇಹದ ಕೊಬ್ಬಿನ ಕೋಶಗಳಲ್ಲಿರುವ ಕೊಬ್ಬು ಅನಗತ್ಯವಾಗಿ ಹೊರಬರದಂತೆ ತಡೆಯುವುದು. ದೇಹ ಇನ್ಸುಲಿನ್ನಿನ ಮಾತು ಕೇಳದಾದಾಗ ಈ ತಡೆ ಸಡಿಲವಾಗುತ್ತದೆ. ಕೊಬ್ಬಿನಾಮ್ಲಗಳು ಹಗಲು ರಾತ್ರಿ ಯಕೃತ್ತಿಗೆ ಹರಿದುಬರುತ್ತವೆ. ಅದೇ ಹೊತ್ತಿಗೆ ರಕ್ತದಲ್ಲಿ ಹೆಚ್ಚಾದ ಸಕ್ಕರೆಯನ್ನು ಯಕೃತ್ತು ತಾನೇ ಕೊಬ್ಬಾಗಿ ಪರಿವರ್ತಿಸುತ್ತಿರುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನನ್ನು ಇನ್ನಷ್ಟು ಅಲಕ್ಷಿಸಿ, ರಾತ್ರಿಯಿಡೀ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ‘ರಾತ್ರಿ ಬರೀ ಗಂಜಿ ಕುಡಿದು ಮಲಗಿದ್ದೆ, ಬೆಳಿಗ್ಗೆ ನೋಡಿದರೆ ಸಕ್ಕರೆ 160’ ಎಂದು ಎಷ್ಟೋ ಮಂದಿ ಅಚ್ಚರಿಪಡುತ್ತಾರಲ್ಲ, ಅದರ ಹಿಂದಿರುವ ಮುಖ್ಯ ಕಾರಣ ಇದು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯಕೃತ್ತಿನಲ್ಲಿ ಶೇಖರವಾದ ಕೊಬ್ಬು ಎಲ್ಲಿಂದ ಬಂತು ಎಂಬುದನ್ನು ನೇರವಾಗಿ ಅಳೆದಿತ್ತು. ಸುಮಾರು ಶೇ 59 ದೇಹದ ಕೊಬ್ಬಿನ ಶೇಖರಣೆಯಿಂದ, ಶೇ 26 ಯಕೃತ್ತು ತಾನೇ ತಯಾರಿಸಿಕೊಂಡದ್ದು, ನೇರವಾಗಿ ಊಟದ ಎಣ್ಣೆ, ಕೊಬ್ಬಿನಿಂದ ಬಂದದ್ದು ಶೇ 15 ಮಾತ್ರ. ನಮ್ಮಲ್ಲಿ ಲಿವರಿನ ಮಾತು ಬಂದ ಕೂಡಲೇ ತೆಂಗಿನೆಣ್ಣೆಯ ಮೇಲೆ ಆರೋಪ ಬೀಳುತ್ತದೆ. ಎಣ್ಣೆಗೆ ಮಿತಿ ಇರಬೇಕು, ನಿಜ. ಆದರೆ ಮೂರು ಹೊತ್ತಿನ ಕುಚ್ಚಲಕ್ಕಿ, ಬೆಳಿಗ್ಗೆ ನೀರುದೋಸೆ, ಸಂಜೆ ಬೇಕರಿ ತಿಂಡಿಯ ಜೊತೆ ಸಕ್ಕರೆ ಹಾಕಿದ ಚಹಾ, ಬಿಸಿಲಿಗೆ ಶರಬತ್ತು ಇವುಗಳ ಪಾಲನ್ನು ಲೆಕ್ಕಕ್ಕೆ ಹಿಡಿಯದೆ ಎಣ್ಣೆಯೊಂದನ್ನೇ ಬೈದರೆ ಯಕೃತ್ತಿಗೆ ಏನೂ ಉಪಕಾರವಾಗದು. ದಪ್ಪಗಿದ್ದವರ ಕಾಯಿಲೆ ಇದು ಎಂಬ ನಂಬಿಕೆಯೂ ಬೇಡ. ಭಾರತೀಯರಲ್ಲಿ ಮೈ ತೆಳ್ಳಗಿದ್ದು ಹೊಟ್ಟೆಯೊಳಗೆ ಕೊಬ್ಬು ಶೇಖರವಾಗಿರುವವರು ಬಹಳ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು ಎಂಬುದು ನಮಗೆ ಅನ್ವಯಿಸುವ ಅಳತೆ.

ಕುಡಿತವಿಲ್ಲದೆ ಬರುವ ಈ ಕೊಬ್ಬಿನ ಯಕೃತ್ತಿಗೆ 2023ರಲ್ಲಿ ತಜ್ಞ ಸಂಘಗಳು ಹೆಸರನ್ನೇ ಬದಲಾಯಿಸಿ, ಚಯಾಪಚಯದ ಏರುಪೇರಿಗೆ ಸಂಬಂಧಿಸಿದ ಕಾಯಿಲೆ ಎಂದು ಗುರುತಿಸಿದವು. ಕೊಬ್ಬು ತುಂಬಿದ ಎಲ್ಲರಿಗೂ ಅಪಾಯ ಒಂದೇ ರೀತಿ ಇರುವುದಿಲ್ಲ. ಕೆಲವರಲ್ಲಿ ಅದು ಉರಿಯೂತವಾಗುತ್ತದೆ, ಅವರಲ್ಲಿ ಕೆಲವರಿಗೆ ಉರಿಯೂತ ಮಾಗಿದ ಜಾಗದಲ್ಲಿ ನಾರು ಬೆಳೆಯುತ್ತದೆ. ವೈದ್ಯರು ಫೈಬ್ರೋಸಿಸ್ ಎನ್ನುವುದು ಇದಕ್ಕೇ. ನಾರು ಹೆಚ್ಚಿ ಯಕೃತ್ತಿನ ರಚನೆಯೇ ಕೆಟ್ಟಾಗ ಸಿರೋಸಿಸ್. ಮಧುಮೇಹ ಇರುವವರಲ್ಲಿ ಈ ಪಯಣ ಬೇಗ ಸಾಗುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಎಷ್ಟು ಕೊಬ್ಬಿದೆ ಎಂಬುದಕ್ಕಿಂತ ಎಷ್ಟು ನಾರಿದೆ ಎಂಬುದು.

ಕಿಣ್ವದ ಅಂಕಿ ಸೋಲುವುದು ಇಲ್ಲಿಯೇ. ಕೊಳೆರೋಗ ಬಂದ ತೋಟದಲ್ಲಿ ನೆಲಕ್ಕೆ ಉದುರಿದ ಅಡಿಕೆಯನ್ನು ಎಣಿಸಿ ರೋಗದ ತೀವ್ರತೆಯನ್ನು ಅಳೆಯುವವರು, ಗೊನೆಯೇ ಬರಿದಾದ ಮರದ ಬುಡದಲ್ಲಿ ಏನೂ ಬಿದ್ದಿಲ್ಲವೆಂದು ಸಮಾಧಾನಪಟ್ಟುಕೊಂಡ ಹಾಗೆ. ನಾರು ತುಂಬಿದ ಯಕೃತ್ತಿನಲ್ಲಿ ಕಿಣ್ವ ಸೋರಲು ಬೇಕಾದಷ್ಟು ಆರೋಗ್ಯವಂತ ಕೋಶಗಳೇ ಉಳಿದಿರುವುದಿಲ್ಲ. ಹೀಗಾಗಿ ಮುಂದುವರಿದ ಕಾಯಿಲೆಯಲ್ಲಿ ಎಎಲ್‌ಟಿ ಇಳಿದು ‘ಸಾಮಾನ್ಯ’ಕ್ಕೆ ಬಂದು ನಿಲ್ಲುವುದುಂಟು. ಕೊಬ್ಬಿನ ಯಕೃತ್ತು ಇರುವ ಬಹಳಷ್ಟು ಮಂದಿಯ ಕಿಣ್ವಗಳು ಮೊದಲಿನಿಂದಲೂ ಮಿತಿಯೊಳಗೇ ಇರುತ್ತವೆ.

ಆ ಮಿತಿಯ ಬಗ್ಗೆಯೂ ತಕರಾರಿದೆ. ಹೆಚ್ಚಿನ ಲ್ಯಾಬ್‌ಗಳು ಎಎಲ್‌ಟಿಗೆ 40ರ ಸುತ್ತಮುತ್ತ ಗೆರೆ ಎಳೆಯುತ್ತವೆ, ಕೆಲವು 50ರ ಮೇಲೂ ಎಳೆಯುತ್ತವೆ. ಅಮೆರಿಕದ ಜಠರಕರುಳು ತಜ್ಞರ ಸಂಘ 2017ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಆರೋಗ್ಯವಂತ ಗಂಡಸರಲ್ಲಿ 29ರಿಂದ 33, ಹೆಂಗಸರಲ್ಲಿ 19ರಿಂದ 25 ಮೇಲಿನ ಮಿತಿ. ಈ ಗೆರೆಯಂತೆ ನೋಡಿದರೆ ನಮ್ಮೂರಿನ ಮಧುಮೇಹಿ ಹೆಂಗಸರ 35, 38ರ ಅಂಕಿಗಳು ಸಾಮಾನ್ಯವಲ್ಲ. ಲ್ಯಾಬ್‌ನ ಕಂಪ್ಯೂಟರ್ ಅವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲ, ಅಷ್ಟೇ.

ಕೈಯಲ್ಲೇ ಇರುವ ಲೆಕ್ಕ

ಹಾಗಾದರೆ ನಾರನ್ನು ಪತ್ತೆ ಮಾಡುವುದು ಹೇಗೆ? ಇದಕ್ಕೆ ಮೊದಲ ಹೆಜ್ಜೆ ಅಗ್ಗದ್ದು, ಮತ್ತು ನಮ್ಮ ಬಹುತೇಕ ವರದಿಗಳಲ್ಲಿ ಅದರ ಸಾಮಗ್ರಿ ಆಗಲೇ ಇದೆ. ಫಿಬ್-4 ಎಂಬ ಸೂಚ್ಯಂಕಕ್ಕೆ ಬೇಕಾದದ್ದು ನಾಲ್ಕೇ ಅಂಕಿ: ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಬಂದದ್ದನ್ನು, ಸಾವಿರದ ಲೆಕ್ಕದಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ ಬರುವ ಸಂಖ್ಯೆಯಿಂದ ಭಾಗಿಸಬೇಕು. ಫಲ 1.3ಕ್ಕಿಂತ ಕಡಿಮೆಯಾದರೆ ಮುಂದುವರಿದ ಫೈಬ್ರೋಸಿಸ್‌ನ ಸಾಧ್ಯತೆ ಕಡಿಮೆ. 2.67ಕ್ಕಿಂತ ಹೆಚ್ಚಾದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ 2006ರಲ್ಲಿ ರೂಪಿಸಿದ ಸೂತ್ರ ಇದು. ಈಗ ಮಧುಮೇಹಿಗಳಿಗೆ, ಕಿಣ್ವಗಳು ಸಾಮಾನ್ಯವಾಗಿದ್ದರೂ, ಇದನ್ನು ಲೆಕ್ಕಹಾಕಬೇಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಹೇಳುತ್ತದೆ.

ಎರಡು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 42 ವರ್ಷದ ಒಬ್ಬರಿಗೆ ಎಎಲ್‌ಟಿ 78, ಎಎಸ್‌ಟಿ 46, ಪ್ಲೇಟ್‌ಲೆಟ್ 2.7 ಲಕ್ಷ. ವರದಿಯಲ್ಲಿ ಎರಡೂ ಕಿಣ್ವಗಳು ದಪ್ಪ ಅಕ್ಷರದಲ್ಲಿವೆ, ಮನೆಯವರು ಕಂಗಾಲಾಗಿದ್ದಾರೆ. 42ನ್ನು 46ರಿಂದ ಗುಣಿಸಿದರೆ 1932. 78ರ ವರ್ಗಮೂಲ ಸುಮಾರು 8.83, ಅದನ್ನು 270ರಿಂದ ಗುಣಿಸಿದರೆ ಸುಮಾರು 2384. ಫಿಬ್-4 ಬರುವುದು 0.81. ಇನ್ನೊಬ್ಬರಿಗೆ 62 ವರ್ಷ, ಎಎಲ್‌ಟಿ 30, ಎಎಸ್‌ಟಿ 38, ಪ್ಲೇಟ್‌ಲೆಟ್ 1.5 ಲಕ್ಷ. ವರದಿಯಲ್ಲಿ ಒಂದೇ ಒಂದು ಅಂಕಿಯೂ ಮಿತಿ ಮೀರಿಲ್ಲ. ಲೆಕ್ಕ ಹಾಕಿದರೆ ಫಿಬ್-4 ಸುಮಾರು 2.87! ತುರ್ತಾಗಿ ತಜ್ಞರ ಬಳಿ ಹೋಗಬೇಕಾದವರು ಈ ಎರಡನೆಯವರು. ಮೊದಲನೆಯವರೂ ಚಿಕಿತ್ಸೆ ಪಡೆಯಬೇಕು, ಕಿಣ್ವ ಏರಿದ ಕಾರಣ ತಿಳಿಯಬೇಕು. ಆದರೆ ಅವರ ಯಕೃತ್ತಿಗೆ ಸುಧಾರಿಸಿಕೊಳ್ಳಲು ಸಮಯವಿದೆ.

ಪ್ಲೇಟ್‌ಲೆಟ್‌ಗೂ ಯಕೃತ್ತಿಗೂ ಏನು ನಂಟು ಎಂದು ಕೇಳಬಹುದು. ನಾರುಗಟ್ಟಿದ ಯಕೃತ್ತಿನ ಮೂಲಕ ರಕ್ತ ಸರಾಗವಾಗಿ ಹರಿಯಲಾರದೆ ಒತ್ತಡ ಹಿಂದಕ್ಕೆ ಬಿದ್ದು ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಉತ್ಪಾದನೆಗೆ ಪ್ರಚೋದನೆ ಕೊಡುವ ಹಾರ್ಮೋನು ತಯಾರಾಗುವುದೂ ಮುಖ್ಯವಾಗಿ ಯಕೃತ್ತಿನಲ್ಲೇ.

ನಮ್ಮ ಪ್ರದೇಶದವರು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ಮಳೆಗಾಲದಲ್ಲಿ ಡೆಂಗಿ ಬಂದರೆ ಎಎಸ್‌ಟಿ ಏರಿ ಪ್ಲೇಟ್‌ಲೆಟ್ ಇಳಿಯುತ್ತದೆ. ಇಲಿಜ್ವರದಲ್ಲೂ ಹಾಗೆಯೇ. ಆ ದಿನಗಳ ವರದಿಯನ್ನು ಹಿಡಿದು ಫಿಬ್-4 ಲೆಕ್ಕ ಹಾಕಿದರೆ ಸುಳ್ಳು ಗಾಬರಿ ಹುಟ್ಟುತ್ತದೆ. ಜ್ವರ ಬಿಟ್ಟು ಕೆಲವು ವಾರ ಕಳೆದ ಮೇಲಿನ ರಕ್ತವೇ ಬೇಕು. 35 ವರ್ಷದ ಒಳಗಿನವರಲ್ಲಿ ಈ ಸೂತ್ರ ನಂಬಲರ್ಹವಲ್ಲ. 65 ದಾಟಿದವರಿಗೆ 1.3ರ ಬದಲು 2.0 ಎಂಬ ಗೆರೆ ಬಳಸುತ್ತಾರೆ, ಏಕೆಂದರೆ ವಯಸ್ಸೇ ಅಂಕಿಯನ್ನು ಏರಿಸುತ್ತದೆ.

ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ ಒಂದು’, ‘ಗ್ರೇಡ್ ಎರಡು’ ಎಂದು ಬರೆಯುವುದು ಕೊಬ್ಬಿನ ಪ್ರಮಾಣವನ್ನು. ಗ್ರೇಡ್ ಒಂದು ತಾನೇ ಎಂದು ನಿಶ್ಚಿಂತರಾಗಿರುವವರಲ್ಲಿ ನಾರು ಇಲ್ಲವೆಂದು ಅದು ಹೇಳುವುದಿಲ್ಲ. ಯಕೃತ್ತಿನ ಬಿಗಿತವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಬೇರೆಯೇ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಅದರ ಅಂಕಿ 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 12 ದಾಟಿದರೆ ಗಂಭೀರ.

ಎರಡು ರಾಜ್ಯಗಳ ನಡುವೆ ಕಳೆದುಹೋಗುವ ಕಾಗದ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಅಲ್ಲಿ ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆಯ ಬೆಲೆ ಎಷ್ಟೆಂಬುದನ್ನು ಇಲ್ಲಿನ ಜನ ಜೀವ ತೆತ್ತು ಕಂಡಿದ್ದಾರೆ. ತುರ್ತು ಚಿಕಿತ್ಸೆಯ ಕೊರತೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಬೆಳೆಯುವ ಕಾಯಿಲೆಯ ವಿಷಯದಲ್ಲಿ ಗಡಿ ಮಾಡುವ ಹಾನಿ ಯಾರಿಗೂ ಕಾಣುವುದಿಲ್ಲ.

ಸಕ್ಕರೆಯ ಮಾತ್ರೆ ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ, ರಕ್ತಪರೀಕ್ಷೆ ಪೇಟೆಯ ಖಾಸಗಿ ಲ್ಯಾಬ್‌ನಿಂದ, ಸ್ಕ್ಯಾನಿಂಗ್ ಮಂಗಳೂರಿನಿಂದ. ಪ್ಲೇಟ್‌ಲೆಟ್ ಮೂರು ವರ್ಷದಲ್ಲಿ 2.4 ಲಕ್ಷದಿಂದ 1.6 ಲಕ್ಷಕ್ಕೆ ಇಳಿದಿದ್ದರೆ, ಪ್ರತಿ ಸಲವೂ ಅದು ‘ಸಾಮಾನ್ಯ’. ಆ ಇಳಿಕೆ ಕಾಣಬೇಕಾದರೆ ಮೂರು ಕಾಗದಗಳೂ ಒಂದೇ ಮೇಜಿನ ಮೇಲೆ, ಒಬ್ಬರೇ ವೈದ್ಯರ ಮುಂದೆ ಇರಬೇಕು. ಅದು ನಡೆಯುತ್ತಿಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ ಮಾತನಾಡುವ ಹಿರಿಯರಿಗೆ ಮಲಯಾಳದ ಕರಪತ್ರ, ಇಂಗ್ಲಿಷಿನ ವರದಿ. ವೈದ್ಯರು ಹೇಳಿದ್ದರಲ್ಲಿ ಎಷ್ಟು ತಲುಪಿತು ಎಂದು ಕೇಳುವವರಿಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಆರೋಗ್ಯ ಮಾಹಿತಿ ಕನ್ನಡದಲ್ಲಿ ಸಿಗುವುದು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ, ಇಂಥ ಕಾಯಿಲೆಗಳಲ್ಲಿ ಅದು ಆಯುಷ್ಯದ ಪ್ರಶ್ನೆಯೂ ಹೌದು.

ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿಯೇ ಕೊಬ್ಬಿನ ಯಕೃತ್ತಿನ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು, 2024ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಕೇರಳದಲ್ಲಿ ಆಶಾ ಕಾರ್ಯಕರ್ತೆಯರು ‘ಶೈಲಿ’ ಆ್ಯಪ್ ಹಿಡಿದು 30 ದಾಟಿದವರ ಮನೆಬಾಗಿಲಿಗೆ ಬಂದು ಜೀವನಶೈಲಿ ರೋಗಗಳ ವಿವರ ಪಡೆಯುವ ವ್ಯವಸ್ಥೆಯೂ ಇದೆ. ಇಷ್ಟೆಲ್ಲ ಇರುವಾಗ, ಮಧುಮೇಹ ಕ್ಲಿನಿಕ್‌ಗೆ ಬರುವ ಪ್ರತಿಯೊಬ್ಬರ ಚೀಟಿಯಲ್ಲಿ ವರ್ಷಕ್ಕೊಮ್ಮೆ ಫಿಬ್-4 ಬರೆಯಲು ಹೊಸ ಯಂತ್ರ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ಸರಕಾರ ಮಾಡುವವರೆಗೆ ಕಾಯದೆ ರೋಗಿಗಳೇ ಕೇಳಿ ಬರೆಸಿಕೊಳ್ಳಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಯಾವ ಮದ್ದು ಬಿಡಬೇಕು, ಯಾವುದನ್ನು ಬಿಡಬಾರದು

ಕಿಣ್ವ ಏರಿದೆ ಎಂದಾಗ ಮೊದಲು ಬಲಿಯಾಗುವುದು ಸಕ್ಕರೆಯ ಮಾತ್ರೆಯಾದ ಮೆಟ್‌ಫಾರ್ಮಿನ್. ಆ ಮಾತ್ರೆ ಯಕೃತ್ತನ್ನು ಕೆಡಿಸುವುದಿಲ್ಲ. ಸಿರೋಸಿಸ್ ತೀರಾ ಮುಂದುವರಿದಾಗ, ಮೂತ್ರಪಿಂಡ ಸೋತಾಗ ಅದನ್ನು ನಿಲ್ಲಿಸುವುದು ಬೇರೆ ಕಾರಣಕ್ಕೆ, ಲ್ಯಾಕ್ಟಿಕ್ ಆಮ್ಲ ಶೇಖರವಾಗುವ ಭಯಕ್ಕೆ. ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆಯದೂ ಅದೇ ಕಥೆ. ಅದು ಕೆಲವರಲ್ಲಿ ಕಿಣ್ವವನ್ನು ಸ್ವಲ್ಪ ಏರಿಸುತ್ತದೆ, ಆದರೆ ಮಿತಿಯ ಮೂರು ಪಟ್ಟು ದಾಟದಿದ್ದರೆ ನಿಲ್ಲಿಸುವ ಕಾರಣವಿಲ್ಲ. ಕೊಬ್ಬಿನ ಯಕೃತ್ತು ಇರುವವರನ್ನು ಹೆಚ್ಚಾಗಿ ಕೊಲ್ಲುವುದು ಹೃದಯದ ಕಾಯಿಲೆ. ಲಿವರ್ ಉಳಿಸುವ ಹೆಸರಿನಲ್ಲಿ ಹೃದಯದ ಮದ್ದು ಬಿಟ್ಟರೆ ನಷ್ಟವೇ ಹೆಚ್ಚು.

ನಿಜವಾಗಿ ಗಮನ ಕೊಡಬೇಕಾದ ಮದ್ದುಗಳು ಬೇರೆ ಇವೆ. ಮಧುಮೇಹಿಗಳಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಕ್ಷಯದ ಐಸೋನಿಯಾಜಿಡ್, ಪೈರಾಜಿನಮೈಡ್, ರಿಫಾಂಪಿಸಿನ್ ಯಕೃತ್ತಿಗೆ ಭಾರವಾಗಬಲ್ಲವು. ಹಾಗೆಂದು ತಾವೇ ನಿಲ್ಲಿಸಬಾರದು, ಕಿಣ್ವ ನೋಡುತ್ತಾ ಮುಂದುವರಿಸಬೇಕು. ಹೆಪಟೈಟಿಸ್ ಬಿ, ಸಿ ಇದೆಯೇ ಎಂಬುದನ್ನು ಒಮ್ಮೆಯಾದರೂ ಪರೀಕ್ಷಿಸಬೇಕು. ಕುಡಿತದ ಬಗ್ಗೆ ವೈದ್ಯರ ಬಳಿ ಮುಚ್ಚುಮರೆ ಬೇಡ. ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟು ಮೀರಿದ್ದರೆ ಅವರಿಗೆ ಮೊದಲು ಬರುವ ಸಂಶಯವೇ ಮದ್ಯ.

ಇನ್ನು ಹಿತ್ತಿಲ ಮದ್ದು. ಸಕ್ಕರೆ ಇಳಿಯಲೆಂದು ಅಮೃತಬಳ್ಳಿ ಕಷಾಯ ದಿನವೂ ಕುಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ, ಕೋವಿಡ್ ಕಾಲದಲ್ಲಂತೂ ಅದು ಮನೆಮನೆಯ ಪಾನೀಯವಾಗಿತ್ತು. ದೇಶದ ಹಲವು ಆಸ್ಪತ್ರೆಗಳ ಯಕೃತ್ತು ತಜ್ಞರು ಸೇರಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೃತಬಳ್ಳಿ ಸೇವಿಸಿದ ಬಳಿಕ ಯಕೃತ್ತಿಗೆ ಹಾನಿಯಾದ 43 ರೋಗಿಗಳ ವಿವರವಿದೆ. ಆಯುಷ್ ಸಚಿವಾಲಯ ಇಂಥ ಆರೋಪವನ್ನು ಒಪ್ಪಿಲ್ಲ, ನೋಡಲು ಒಂದೇ ತರಹ ಇರುವ ಬೇರೆ ಬಳ್ಳಿಯಿಂದ ಹೀಗಾಗಿರಬಹುದು ಎಂಬುದು ಅದರ ವಾದ. ಆ ಚರ್ಚೆ ಏನೇ ಇರಲಿ, ಕಿಣ್ವ ಏರಿರುವ ಮಧುಮೇಹಿ ಕಷಾಯವನ್ನು ನಿಲ್ಲಿಸಿ ಒಂದೆರಡು ತಿಂಗಳಲ್ಲಿ ಮತ್ತೆ ರಕ್ತ ಪರೀಕ್ಷಿಸುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಕೊಲೆಸ್ಟ್ರಾಲ್ ಇಳಿಸಲು ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ಪ್ರಕರಣಗಳನ್ನು 2013ರಲ್ಲಿ ಕೇರಳದ ವೈದ್ಯರೇ ವರದಿ ಮಾಡಿದ್ದಾರೆ. ಮದ್ದಂಗಡಿಯ ಲಿವರ್ ಟಾನಿಕ್‌ಗಳು ಹಾನಿ ಮಾಡದಿದ್ದರೂ ನಾರನ್ನು ಕರಗಿಸುತ್ತವೆ ಎನ್ನಲು ಪುರಾವೆಯಿಲ್ಲ. ಆ ಹಣಕ್ಕೆ ವರ್ಷಕ್ಕೊಮ್ಮೆ ಪೂರ್ಣ ರಕ್ತಪರೀಕ್ಷೆ ಮಾಡಿಸಬಹುದು.

ಪುರಾವೆ ಇರುವುದು ತೂಕ ಇಳಿಸುವುದಕ್ಕೆ. ದೇಹತೂಕದ ಶೇ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ, ಶೇ 7ರಿಂದ ಉರಿಯೂತ ತಗ್ಗುತ್ತದೆ, ಶೇ 10 ಇಳಿಸಿದವರಲ್ಲಿ ಎಷ್ಟೋ ಮಂದಿಗೆ ನಾರು ಕೂಡ ಹಿಂದಕ್ಕೆ ಸರಿದಿದೆ. 70 ಕಿಲೋ ಇರುವವರಿಗೆ ಇದು ಮೂರೂವರೆಯಿಂದ ಏಳು ಕಿಲೋ. ಹೊರಗಿನಿಂದ ತಂದ ಪಥ್ಯ ಬೇಕಿಲ್ಲ. ಅನ್ನ ಅರ್ಧಕ್ಕೆ ಇಳಿಸಿ ಆ ಜಾಗದಲ್ಲಿ ಅಲಸಂಡೆ, ಬಸಳೆ, ಹೆಸರುಕಾಳು, ತಿನ್ನುವವರಿಗೆ ಹುರಿಯದ ಬೂತಾಯಿ, ಬಂಗುಡೆ. ಚಹಾ ಕಾಫಿಗೆ ಸಕ್ಕರೆ ಬೇಡ. ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆ ಎಂದು ಹಲವು ಅಧ್ಯಯನಗಳು ಗಮನಿಸಿರುವುದರಿಂದ ಸಕ್ಕರೆಯಿಲ್ಲದ ಕಾಫಿಯನ್ನು ಬಿಡಬೇಕಾಗಿಲ್ಲ. ತೋಟದ ಕೆಲಸ ಮಾಡುವವರು ವ್ಯಾಯಾಮ ಮಾಡಿದಂತೆಯೇ ಎಂದುಕೊಳ್ಳುತ್ತಾರೆ. ಆಳುಗಳ ಮೇಲ್ವಿಚಾರಣೆಗೆ ತೋಟದಲ್ಲಿ ನಿಲ್ಲುವುದು ವ್ಯಾಯಾಮವಲ್ಲ.

ಔಷಧಗಳಲ್ಲಿ ಪಯೋಗ್ಲಿಟಾಜೋನ್ ಹಳೆಯದು, ಅಗ್ಗದ್ದು, ಯಕೃತ್ತಿನ ಉರಿಯೂತಕ್ಕೆ ಕೆಲಸ ಮಾಡುವಂಥದ್ದು. ತೂಕ ಹೆಚ್ಚುವುದು, ಕಾಲು ಬಾವು ಬರುವುದು ಅದರ ತೊಡಕು, ಹೃದಯ ದುರ್ಬಲವಾದವರಿಗೆ ಅದು ಸಲ್ಲದು. ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಸಕ್ಕರೆ, ತೂಕ, ಯಕೃತ್ತು ಮೂರಕ್ಕೂ ಉಪಕಾರಿ. ಅಮೆರಿಕದ ಔಷಧ ಪ್ರಾಧಿಕಾರ 2025ರಲ್ಲಿ ಅದನ್ನು ಯಕೃತ್ತಿನ ಉರಿಯೂತದ ಚಿಕಿತ್ಸೆಗೂ ಒಪ್ಪಿಕೊಂಡಿತು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು.

ಕೊನೆಯದಾಗಿ, ಬಹಳ ಮಂದಿ ಸಂತೋಷಪಡುವ ಒಂದು ಬದಲಾವಣೆಯ ಬಗ್ಗೆ. ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ, ಊಟ, ಮದ್ದು ಏನೂ ಬದಲಾಗದೆ ತಾನಾಗಿ ಇಳಿಯತೊಡಗಿದರೆ, ನಡುರಾತ್ರಿ ಬೆವರಿ ನಡುಗುವಂತಾದರೆ, ಅದು ಗುಣವಾದ ಲಕ್ಷಣ ಆಗಿರಲಿಕ್ಕಿಲ್ಲ. ಸೋತ ಯಕೃತ್ತಿಗೆ ಸಕ್ಕರೆಯನ್ನು ಶೇಖರಿಸಿಟ್ಟು ಹೊತ್ತಿಗೆ ಬಿಡುಗಡೆ ಮಾಡುವ ಶಕ್ತಿ ಇರುವುದಿಲ್ಲ, ಮೂತ್ರಪಿಂಡ ಸೋತಾಗಲೂ ಹೀಗಾಗುತ್ತದೆ. ಸಿರೋಸಿಸ್‌ನಲ್ಲಿ ಕೆಂಪು ರಕ್ತಕಣಗಳ ಆಯುಷ್ಯ ಕಡಿಮೆಯಾಗುವುದರಿಂದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಇಂಥವರಿಗೆ ಬೆರಳ ತುದಿಯ ರಕ್ತದ ಪರೀಕ್ಷೆಯನ್ನೇ ನೆಚ್ಚಿ ಮದ್ದಿನ ಪ್ರಮಾಣ ಇಳಿಸಬೇಕಾಗುತ್ತದೆ. ಸಿರೋಸಿಸ್ ಖಚಿತವಾದವರಿಗೆ ಯಕೃತ್ತಿನ ಕ್ಯಾನ್ಸರ್ ಬೇಗ ಪತ್ತೆಯಾಗಲು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ಎಂದು ತಿಳಿಯಲು ವೈದ್ಯರ ಸಲಹೆಯಂತೆ ಎಂಡೋಸ್ಕೋಪಿ ಬೇಕು. ಫಿಬ್-4 1.3ಕ್ಕಿಂತ ಕಡಿಮೆ ಇರುವ ಮಧುಮೇಹಿಗಳು ಒಂದೆರಡು ವರ್ಷಕ್ಕೊಮ್ಮೆ ಅದೇ ನಾಲ್ಕು ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿಸಿ, ಹಳೆಯ ಕಾಗದದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.